ಬೇಗೂರಿನ ಮನೆಮಗ

ಬಿಟಿಎಂ ಬಡಾವಣೆಯಿಂದ ಹೊಸೂರು ರಸ್ತೆ ಹಿಡಿದು, ಬೊಮ್ಮನಹಳ್ಳಿಯಲ್ಲಿ ತಿರುಗಿ ಒಳಕ್ಕೆ ಹೋದರೆ ಬೇಗೂರು. ಅಲ್ಲಿನ ಪಂಚಲಿಂಗ ನಾಗೇಶ್ವರ ದೇವಾಲಯದ ಆವರಣದಲ್ಲಿ ಸಿಕ್ಕ, ಕ್ರಿ.ಶ. 900ರ ಆಸುಪಾಸಿನ ಪುಟ್ಟ ಶಾಸನವೊಂದು ಬೆಂಗಳೂರಿಗರಿಗೆಲ್ಲ ಗೊತ್ತು. 'ಬೆಂಗಳೂರು' ಎಂಬ ಹೆಸರು ನಮಗೆ ಮೊದಲು ಕಾಣುವುದು ಅದರಲ್ಲೇ. ಕೆಂಪೇಗೌಡರಿಗೆ ಆರು ಶತಮಾನ ಮೊದಲೇ ಈ ಹೆಸರಿನ ಊರಿತ್ತು ಎಂದು ಹೇಳಬೇಕಾದಾಗಲೆಲ್ಲ ಈ ಕಲ್ಲನ್ನು ಸಾಕ್ಷಿಗೆ ಕರೆಯುತ್ತೇವೆ. ಹಾಗೆ ಕರೆದು, ಬೇಕಾದ ಒಂದು ಪದವನ್ನು ಎತ್ತಿಕೊಂಡು, ಉಳಿದದ್ದನ್ನು ಅಲ್ಲೇ ಬಿಟ್ಟು ಬರುತ್ತೇವೆ. ಉಳಿದದ್ದಾದರೂ ಎಷ್ಟು? ಇಡೀ ಶಾಸನ ಒಂದೇ ವಾಕ್ಯ. ಬೆಂಗಳೂರಿನ ಕಾಳಗದಲ್ಲಿ ಗಂಗರ ಸಾಮಂತ ನಾಗತ್ತರನ ಮನೆಯ ಪೆರ್ವೊಣಸೆಟ್ಟಿ ಮತ್ತು ನಾಗತ್ತರನ ಮಗ ಬುಟ್ಟಣ ಸತ್ತರು ಎಂಬುದು ಅದರ ಸಾರ. ಕಲ್ಲು ಕೆತ್ತಿದವನಿಗೆ ಊರಿನ ಹೆಸರು ಮುಖ್ಯವಾಗಿರಲಿಲ್ಲ. ಕಾಳಗ ಎಲ್ಲಿ ನಡೆಯಿತೆಂದು ಗುರುತು ಹೇಳಲು ಅದು ಬೇಕಾಯಿತು, ಅಷ್ಟೇ. ಅವನು ಕೆತ್ತಲು ಕೂತದ್ದು ಒಂದು ಮನೆಯ ಇಬ್ಬರ ಸಾವನ್ನು. ಒಬ್ಬ ಹೊಟ್ಟೆಯಲ್ಲಿ ಹುಟ್ಟಿದ ಮಗ, ಇನ್ನೊಬ್ಬ ಆ ಮನೆಯ ಅನ್ನ ತಿಂದವನು. ಆ ಎರಡನೆಯವನ ಬಗ್ಗೆ ಇಲ್ಲಿ ಹೇಳಬೇಕಿದೆ.

ಅವನಿಗೆ ಶಾಸನ ಕೊಡುವ ವಿಶೇಷಣ 'ಮನೆವಗತಿ'. ಗಂಗರ ಕಾಲದ ಬೇರೆ ಶಾಸನಗಳಲ್ಲಿ 'ಮನೆಮಗತ್ತಿನ' ಎಂದೂ ಕಾಣುವ ಈ ಮಾತಿನ ತಿರುಳು 'ಮನೆಮಗ'. ಅರಸನ ಅಥವಾ ಸಾಮಂತನ ಮನೆಯಲ್ಲಿದ್ದುಕೊಂಡು, ಅವನ ಅನ್ನ ಉಂಡು, ಅವನ ಆಯುಧ ಹಿಡಿದು, ಕಾಳಗದಲ್ಲಿ ಅವನ ಬೆನ್ನಿಗಿರುವವನು. ಯುರೋಪಿನ ಮಧ್ಯಯುಗದ ಕಥೆಗಳನ್ನು ಓದಿದವರಿಗೆ 'ಸ್ಕ್ವೈರ್' ಎಂಬ ಪದ ಪರಿಚಿತ. ಗುರಾಣಿ ಹೊರುವವನು ಎಂಬುದು ಅದರ ಮೂಲಾರ್ಥ. ಎಳೆಯ ವಯಸ್ಸಿನಲ್ಲೇ ಬೇರೊಬ್ಬ ಪ್ರಭುವಿನ ಮನೆ ಸೇರಿ, ಕುದುರೆ ನೋಡಿಕೊಂಡು, ಊಟದ ಮೇಜಿನಲ್ಲಿ ಬಡಿಸಿ, ಕತ್ತಿವರಸೆ ಕಲಿತು, ಒಂದು ದಿನ ನೈಟ್ ಆಗುವ ಹುಡುಗ. ನಮ್ಮ ಅನುವಾದಗಳು ಅವನನ್ನು ಸೇವಕ ಎನ್ನುತ್ತವೆ, ಇಲ್ಲವೇ ಅಂಗರಕ್ಷಕ ಎನ್ನುತ್ತವೆ. ಎರಡೂ ಸಾಲವು. ಸೇವಕನಿಗೆ ನಾಳೆ ಒಡೆಯನಾಗುವ ಭರವಸೆಯಿಲ್ಲ. ಅಂಗರಕ್ಷಕನಿಗೆ ಮನೆಯ ಸಂಬಂಧವಿಲ್ಲ. ಬೇಗೂರಿನ ಕಲ್ಲಿನ ಮೇಲಿರುವ ಪದ ಇವೆರಡಕ್ಕಿಂತ ಹತ್ತಿರದ್ದು.

ಪದ ಹತ್ತಿರದ್ದಾದರೂ ಎರಡು ಲೋಕಗಳ ನಡುವೆ ಮುಖ್ಯವಾದ ಒಂದು ವ್ಯತ್ಯಾಸವಿದೆ. 1095ರಲ್ಲಿ ಕ್ಲೆರ್ಮೋಂಟ್‌ನ ಸಭೆಯಲ್ಲಿ ಪೋಪ್ ಎರಡನೆಯ ಅರ್ಬನ್ ಜೆರುಸಲೇಮಿನ ಯುದ್ಧಕ್ಕೆ ಕರೆ ಕೊಟ್ಟ ಮೇಲೆ, ಯುರೋಪಿನ ಹುಡುಗನೊಬ್ಬ ಕತ್ತಿ ಕಟ್ಟಿಕೊಳ್ಳುವುದಕ್ಕೆ ಮತದ ಅರ್ಥವೊಂದು ಬಂತು. ಗೌರವಕ್ಕಾಗಿ, ಹಣಕ್ಕಾಗಿ ಅಲ್ಲದೆ ಭಕ್ತಿಯೊಂದರಿಂದಲೇ ಹೊರಟವನಿಗೆ ಆ ಪ್ರಯಾಣವೇ ಎಲ್ಲ ಪ್ರಾಯಶ್ಚಿತ್ತಕ್ಕೆ ಸಮ ಎಂದು ಆ ಸಭೆ ಸಾರಿತು. ಕನ್ನಡನಾಡಿನಲ್ಲಿ ಅಂಥ ಕರೆ ಕೊಡುವ ಪೀಠವೂ ಇರಲಿಲ್ಲ, ಕರೆಗೆ ಓಗೊಟ್ಟು ಹೊರಡುವ ಯಾತ್ರೆಯೂ ಇರಲಿಲ್ಲ. ಇಲ್ಲಿ ಹುಡುಗನನ್ನು ಕಾಳಗಕ್ಕೆ ಕಟ್ಟಿದ್ದು ಅನ್ನದ ಋಣ. ಅದಕ್ಕೆ ನಮ್ಮ ಹಳೆಯ ಕವಿಗಳೂ ಶಾಸನಗಳೂ ಇಟ್ಟ ಹೆಸರು ಜೋಳವಾಳಿ. ತಿಂದ ಜೋಳಕ್ಕೆ ಪ್ರತಿಯಾಗಿ ನಿಲ್ಲುವ ನಿಷ್ಠೆ ಎಂದರ್ಥ. ಜಯನಗರದ ಅಡುಗೆಮನೆಗಳಲ್ಲಿ ಇವತ್ತಿಗೂ 'ಅನ್ನದ ಋಣ' ಎಂಬ ಮಾತು ಬಂದರೆ ಯಾರೂ ಅದರ ಅರ್ಥ ಕೇಳುವುದಿಲ್ಲ. ಒಂದು ಸಾವಿರ ವರ್ಷದ ಹಿಂದೆ ಅದೇ ಮಾತು ಹುಡುಗರನ್ನು ಗಂಡಸರನ್ನಾಗಿ ಮಾಡುತ್ತಿತ್ತು, ಸಾಯಿಸುತ್ತಲೂ ಇತ್ತು.

ಬೆಳೆಯುವ ಕ್ರಮ ಹೇಗಿತ್ತೆಂಬುದಕ್ಕೆ ಬೇಗೂರಿನ ಒಂದು ವಾಕ್ಯ ಸಾಕಾಗದು. ಅದಕ್ಕೆ ಬೇಲೂರಿನ ಕಡೆಗೆ ಹೋಗಬೇಕು. ಹೊಯ್ಸಳ ವಿಷ್ಣುವರ್ಧನನ ಕಾಲದ, ಕ್ರಿ.ಶ. 1137ರ ಸುಮಾರಿನ ಶಾಸನವೊಂದು ವಿಷ್ಣು ದಂಡಾಧಿಪ ಅಥವಾ ಬಿಟ್ಟಿಯಣ್ಣ ಎಂಬ ತರುಣ ದಂಡನಾಯಕನ ಬಾಲ್ಯವನ್ನು ವಯಸ್ಸಿನ ಸಮೇತ ಹೇಳುತ್ತದೆ. ಅರಸನೇ ಅವನನ್ನು ಮಗನಂತೆ ಸಾಕಿದ. ಏಳೆಂಟು ವರ್ಷಕ್ಕೆ ತಾನೇ ಮುಂದೆ ನಿಂತು ಉಪನಯನ ಮಾಡಿಸಿದ. ಶಸ್ತ್ರ, ಶಾಸ್ತ್ರ ಎರಡೂ ಕಲಿತ ಮೇಲೆ ಹತ್ತು ಹನ್ನೊಂದರ ವಯಸ್ಸಿಗೆ ತನ್ನ ಪ್ರಧಾನನ ಮಗಳನ್ನು ತಂದು, ತಾನೇ ಕನ್ಯಾದಾನ ಮಾಡಿದ. ದಂಡನಾಯಕನ ಪದವಿ ಕೊಟ್ಟ. ಆಮೇಲೆ ಆ ಹುಡುಗ ಅರ್ಧ ತಿಂಗಳಲ್ಲಿ ಕೊಂಗುನಾಡನ್ನು ಗೆದ್ದುಬಂದ ಎಂದು ಶಾಸನ ಹೊಗಳುತ್ತದೆ. ಹೊಗಳಿಕೆಯಲ್ಲಿ ಉಬ್ಬರವಿದ್ದೀತು, ಅರ್ಧ ತಿಂಗಳೆಂಬ ಲೆಕ್ಕವನ್ನು ಕವಿಯ ಲೆಕ್ಕವೆಂದೇ ತಿಳಿಯೋಣ. ಆದರೆ ಹಂತಗಳು ಸ್ಪಷ್ಟವಾಗಿವೆ. ಉಪನಯನ, ವಿದ್ಯೆ, ಮದುವೆ, ಪದವಿ, ಮೊದಲ ದಂಡಯಾತ್ರೆ. ಪ್ರತಿಯೊಂದರಲ್ಲೂ ಹೆತ್ತ ತಂದೆಯ ಜಾಗದಲ್ಲಿ ಅರಸ ನಿಂತಿದ್ದಾನೆ. ಇನ್ನೊಂದು ಸಂಗತಿ ನನ್ನ ವಾದಕ್ಕೆ ಬಲವಾದ ಆಧಾರ. ವಿಷ್ಣುವರ್ಧನ ಶ್ರೀವೈಷ್ಣವನೆಂದು ಹೆಸರಾದವನು, ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದವನು. ಅವನ ಈ ಸಾಕುಮಗ ಜೈನ. ಗೆದ್ದುಬಂದು ದೋರಸಮುದ್ರದಲ್ಲಿ ಅವನು ಕಟ್ಟಿಸಿದ್ದು ಬಸದಿಯನ್ನು. ಅದಕ್ಕಿಟ್ಟ ಹೆಸರು ವಿಷ್ಣುವರ್ಧನ ಜಿನಾಲಯ. ಸಾಕಿದವನ ಹೆಸರು, ತನ್ನ ದೇವರು. ಎರಡೂ ಒಂದೇ ಬಾಗಿಲ ಮೇಲೆ ನಿಲ್ಲುವುದಕ್ಕೆ ಅವನಿಗೇನೂ ಅಡ್ಡಿಯಾಗಲಿಲ್ಲ.

ಇನ್ನು ಬೇಗೂರಿನದೇ ಎರಡನೆಯ ಕಲ್ಲನ್ನು ನೋಡಬೇಕು. ಅದು ಈಗ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕರ್ನಾಟಕದ ವೀರಗಲ್ಲುಗಳಲ್ಲಿ ಇಷ್ಟು ತುಂಬಿದ ಯುದ್ಧದೃಶ್ಯ ಅಪರೂಪ. ಆನೆ, ಕುದುರೆ, ಬಿಲ್ಲಾಳು, ಬಿದ್ದವರು, ಬೀಳುತ್ತಿರುವವರು ಎಲ್ಲ ಒಂದೇ ಬಂಡೆಯಲ್ಲಿ ಕಿಕ್ಕಿರಿದಿದ್ದಾರೆ. ಗಂಗ ಅರಸ ಎರೆಯಪ್ಪನ ಅಪ್ಪಣೆಯ ಮೇರೆಗೆ ನಾಗತ್ತರ ಅಯ್ಯಪದೇವನ ನೆರವಿಗೆ ಹೋಗಿ, ವೀರಮಹೇಂದ್ರನ ಸೈನ್ಯದ ಎದುರು ತುಂಬೆಪಾಡಿಯಲ್ಲಿ ಆನೆಗಳ ನಡುವೆ ಕಾದು ಸತ್ತ. ಸುದ್ದಿ ಕೇಳಿದ ಎರೆಯಪ್ಪ ಇರುಗ ಎಂಬವನಿಗೆ 'ನಾಗತ್ತರ ಪಟ್ಟ' ಕಟ್ಟಿ, ಬೆಂಪೂರು ಹನ್ನೆರಡನ್ನು, ಅಂದರೆ ಬೇಗೂರು ಮತ್ತದರ ಜೊತೆಯ ಹಳ್ಳಿಗಳನ್ನು, ವೀರನ ಸಾವಿಗೆ ಬಿಡುವ ದತ್ತಿಯಾದ ಕಲ್ನಾಡಾಗಿ ಕೊಟ್ಟ. ಶಾಸನ ಆ ಹನ್ನೆರಡೂ ಹಳ್ಳಿಗಳನ್ನು ಹೆಸರು ಹಿಡಿದು ಎಣಿಸುತ್ತದೆ. ನೈಟ್ ಪದವಿಯ ಸಮಾರಂಭದಲ್ಲಿ ಸ್ನಾನ, ಜಾಗರಣೆ, ಸೊಂಟಕ್ಕೆ ಕತ್ತಿ, ಭುಜದ ಮೇಲೊಂದು ತಟ್ಟು ಇದ್ದಂತೆ ಇಲ್ಲಿ ಪಟ್ಟವಿದೆ. ಸತ್ತವನ ಹೆಸರೇ ಪಟ್ಟವಾಗಿ ಬದುಕಿರುವವನ ಹಣೆಗೆ ಬರುತ್ತದೆ. ಅವನು ಇರುಗನಾಗಿ ಹೋಗಿ ನಾಗತ್ತರನಾಗಿ ಮನೆಗೆ ಬರುತ್ತಾನೆ. ಜೊತೆಗೆ ಬರುವುದು ಹನ್ನೆರಡು ಹಳ್ಳಿಯ ನೆಲ, ಅಂದರೆ ಅನ್ನ. ಅದನ್ನು ಉಣ್ಣುವ ಹೊಸ ಮನೆಮಕ್ಕಳು ಅವನ ಬಾಗಿಲಿಗೂ ಬಂದು ಸೇರುತ್ತಾರೆ.

ಈ ಸಂಬಂಧ ಕಾಳಗದಲ್ಲಿ ಮುಗಿಯುತ್ತಿರಲಿಲ್ಲ. ಕ್ರಿ.ಶ. 870ರ ಹೊತ್ತಿನ, ತಿ.ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಕಲ್ಲಿನಲ್ಲಿ ಗಂಗ ಅರಸ ನೀತಿಮಾರ್ಗ ಕೊನೆಯುಸಿರೆಳೆಯುತ್ತ ಮಲಗಿದ್ದಾನೆ. ಎದುರಿಗೆ ಮಗ ಸತ್ಯವಾಕ್ಯ ನಿಂತಿದ್ದಾನೆ. ಅರಸನಿಗೆ ಆಸರೆಯಾಗಿ ಕೂತವನು ಮನೆಮಗತ್ತಿನ ಅಗರಯ್ಯ. ಅರಸ ಸತ್ತಾಗ ಅಗರಯ್ಯ ಕೀಳ್ಗುಂಟೆಯಾದ. ಒಡೆಯನ ಗುಂಡಿಯಲ್ಲಿ, ಅವನ ಕೆಳಗೆ, ತಾನೂ ಮಣ್ಣಾದ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ಕೀಳ್ಗುಂಟೆ, ವೇಳೆವಾಳಿ, ಲೆಂಕ, ಗರುಡ ಮೊದಲಾದ ಪದಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ ಮೇಲೆಯೇ ಇಂಥ ಸಾವುಗಳ ಹಿಂದಿನ ಕಟ್ಟುಪಾಡು ನಮಗೆ ಅರ್ಥವಾದದ್ದು. ಹೊಯ್ಸಳರ ಕಾಲಕ್ಕೆ ಇದು, ಒಡೆಯನೊಡನೆ ಸಾಯುವೆನೆಂದು ಮಾತು ಕೊಡುವ ಗರುಡ ಪದ್ಧತಿಯಾಗಿ ಬೆಳೆಯಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬ ಕುವರ ಲಕ್ಷ್ಮನದು. ಅವನೂ ಅರಸನ ಕೈಯಲ್ಲಿ ಮಗನಂತೆ ಬೆಳೆದವನು, ದಂಡನಾಯಕನಾದವನು. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಸಂಗಡದ ವೀರರು ಪ್ರಾಣ ಕೊಟ್ಟರು. ಕಂಬದ ಮೇಲಿನ ಪುಟ್ಟ ಆಕೃತಿಗಳು ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕೊಯ್ದುಕೊಳ್ಳುತ್ತಿವೆ. ಅಷ್ಟು ಹತ್ತಿರದಿಂದ ಆ ಕಂಬ ನೋಡಿದವರಿಗೆ ಸುತ್ತಲಿನ ಹೊಯ್ಸಳ ಶಿಲ್ಪದ ನಯ ಸ್ವಲ್ಪ ಹೊತ್ತು ಕಾಣದಂತಾಗುತ್ತದೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ವೀರಗಲ್ಲು ಧಾರ್ಮಿಕ ಶಿಲ್ಪವಲ್ಲವೇ? ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಸತ್ತರೆ ಸ್ವರ್ಗ ಎಂಬ ಭರವಸೆ ಅರ್ಬನ್ ಕೊಟ್ಟ ಭರವಸೆಗಿಂತ ಬೇರೆಯೇ? ಆಕ್ಷೇಪ ಸಣ್ಣದಲ್ಲ. ಆದರೆ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ, ಕೆತ್ತಿದ ಕ್ರಮದಲ್ಲೇ ಓದಿದರೆ ಉತ್ತರ ಸಿಗುತ್ತದೆ. ಮೇಲಿನ ಪಟ್ಟಿಕೆಯ ದೇವರು ಬದಲಾಗುತ್ತಾನೆ. ಒಂದು ಕಲ್ಲಿನಲ್ಲಿ ಲಿಂಗ, ಇನ್ನೊಂದರಲ್ಲಿ ಜಿನ. ಕೆಳಗಿನ ಪಟ್ಟಿಕೆಯ ಕಾರಣಗಳು ಬದಲಾಗುವುದಿಲ್ಲ. ತುರುಗೊಳ್, ಊರಳಿವು, ಪೆಣ್ಬುಯ್ಯಲ್. ಅಂದರೆ ದನ ಹೊಡೆದುಕೊಂಡು ಹೋದದ್ದು, ಊರು ಸುಟ್ಟದ್ದು, ಹೆಣ್ಣಿನ ಮೇಲೆ ಕೈಮಾಡಿದ್ದು, ಇಲ್ಲವೇ ಒಡೆಯನ ಅಪ್ಪಣೆ. ಸ್ವರ್ಗ ಸಿಕ್ಕಿದ್ದು ಸತ್ತದ್ದಕ್ಕೆ ಬಹುಮಾನವಾಗಿ. ಹೊರಟದ್ದು ಅದಕ್ಕಾಗಿ ಆಗಿರಲಿಲ್ಲ. ಉಳಿದವರಿಗೆ ಸಿಕ್ಕ ಬಹುಮಾನಗಳ ಹೆಸರುಗಳೂ ಇದನ್ನೇ ಹೇಳುತ್ತವೆ. ರಕ್ತ ಸುರಿಸಿದ್ದಕ್ಕೆ ನೆತ್ತರುಗೊಡಗೆ. ಗೆದ್ದು ಬಂದವನ ಕತ್ತಿ ತೊಳೆದು ಕೊಡುವುದು ಬಾಳ್ಗಚ್ಚು. 10ನೇ ಶತಮಾನದ ನಡುವಿನ ಆತಕೂರಿನ ಕಲ್ಲಿನಲ್ಲಿ, ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗ ಅರಸ ಬೂತುಗ ಏನು ಬೇಕು ಕೇಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಕಾದು ಸತ್ತಾಗ ಅದಕ್ಕೂ ಕಲ್ಲು ನಿಂತಿತು, ಭೂಮಿ ಬಿಟ್ಟರು. ನಿಷ್ಠೆಯಿಂದ ಸತ್ತದ್ದು ಯಾರ ಅನ್ನ ತಿಂದು ಎಂಬುದನ್ನು ಆ ಕಾಲ ನಾಯಿಯ ವಿಷಯದಲ್ಲೂ ಮರೆಯಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಕನ್ನಡನಾಡಿನಲ್ಲಿ ಮತಕ್ಕಾಗಿ ರಕ್ತ ಹರಿದದ್ದೇ ಇಲ್ಲವೇ? ಹರಿದಿದೆ. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯ ಜೈನರೊಡನೆ ಹೂಡಿದ ಪಂಥದ ಕಥೆ ಶಾಸನದಲ್ಲೂ ಇದೆ, ಅಲ್ಲಿನ ದೇವಾಲಯದ ಶಿಲ್ಪದಲ್ಲೂ ಇದೆ. ಜಿನಬಿಂಬ ಒಡೆಯುವ ದೃಶ್ಯವನ್ನು ಕಣ್ಣಾರೆ ನೋಡಬಹುದು. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಎಳೆಯರನ್ನು ಮನೆಯಲ್ಲಿಟ್ಟು ಸಾಕಿ, ಆಯುಧ ಕೊಟ್ಟು, ಪಟ್ಟ ಕಟ್ಟುವ ವ್ಯವಸ್ಥೆ ಹುಟ್ಟಿದ್ದು ಆ ಪಂಥದಿಂದಲ್ಲ. ಮತ್ತೆ ಕೆಲವರು ಕುಮಾರರಾಮನ ಹೆಸರು ಎತ್ತುತ್ತಾರೆ. ದೆಹಲಿಯ ಸುಲ್ತಾನನ ಸೈನ್ಯದ ಎದುರು ಕುಮ್ಮಟದ ತರುಣನೊಬ್ಬ ಕಾದಿದ ಕಥೆಗಿಂತ ಧರ್ಮಯುದ್ಧ ಬೇರೆ ಬೇಕೇ ಎಂಬುದು ಅವರ ವಾದ. ಅವರು ಯುದ್ಧದ ಕಾರಣವನ್ನು ಕೇಳುವುದಿಲ್ಲ. 1327ರ ಹೊತ್ತಿಗೆ ಮಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ಬಂಡೆದ್ದವನು ಅವನದೇ ಬಂಧು ಬಹಾಉದ್ದೀನ್ ಗುರ್ಷಾಸ್ಪ್. ಸೋತು ಓಡಿಬಂದ ಅವನಿಗೆ ಆಶ್ರಯ ಕೊಟ್ಟವನು ಕುಮಾರರಾಮನ ತಂದೆ ಕಂಪಿಲರಾಯ. ಅತಿಥಿಯನ್ನು ಒಪ್ಪಿಸಿಬಿಟ್ಟಿದ್ದರೆ ಕೋಟೆ ಉಳಿಯುತ್ತಿತ್ತೇನೋ. ರಾಯ ಒಪ್ಪಿಸಲಿಲ್ಲ. ಮುತ್ತಿಗೆ ಬಿಗಿಯಾದಾಗ ಅತಿಥಿಯನ್ನು ಪಕ್ಕದ ರಾಜ್ಯಕ್ಕೆ ಸುರಕ್ಷಿತವಾಗಿ ದಾಟಿಸಿ, ಹೆಂಗಸರು ಬೆಂಕಿಗೆ ಬಿದ್ದ ಮೇಲೆ ತಾನು ಹೊರಬಂದು ಕಾದಿ ಸತ್ತನೆಂದು ಬರೆದವನು ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ. ಒಬ್ಬ ಮುಸ್ಲಿಂ ಅತಿಥಿಯನ್ನು ಉಳಿಸಲು ಒಂದು ಕನ್ನಡ ಅರಸುಮನೆ ಅಳಿಯಿತು. ಮನೆಗೆ ಬಂದವನ ಮೇಲಿನ ಹೊಣೆಯೇ ಆ ಯುದ್ಧದ ಕಾರಣ. ಮತವನ್ನು ಅದರೊಳಗೆ ಹಾಕಿ ನೋಡುವವರು ಕಂಪಿಲರಾಯನ ಸಾವನ್ನು ಚಿಕ್ಕದು ಮಾಡುತ್ತಾರೆ.

ಮೂರನೆಯದು ಹೋಲಿಕೆಯ ಬಗೆಗಿನ ಸಂಶಯ. ಯುರೋಪಿನ ಹುಡುಗ ಶಿಲುಬೆಗಾಗಿ ಹೋದ, ನಮ್ಮವನು ಅನ್ನಕ್ಕಾಗಿ ಹೋದ ಎಂದು ಗೆರೆ ಎಳೆದುಬಿಡುವುದು ತೀರಾ ಸರಳವಾಗುವುದಿಲ್ಲವೇ? ಆಗುತ್ತದೆ. ಅದನ್ನು ಸರಿಪಡಿಸಲು ಜೀನ್ ದ ಜ್ವಾನ್‌ವಿಲ್ ಎಂಬ ಫ್ರೆಂಚ್ ಸರದಾರನ ಬದುಕು ಸಾಕು. 1241ರಲ್ಲಿ ಸೋಮ್ಯೂರ್‌ನ ರಾಜೌತಣದಲ್ಲಿ ಅವನು ಹದಿನಾರು ಹದಿನೇಳರ ತರುಣ. ಯುದ್ಧದ ಕವಚವನ್ನು ಇನ್ನೂ ತೊಟ್ಟವನಲ್ಲ. ತನ್ನ ಪ್ರಭುವಾದ ನವಾರ್‌ನ ಅರಸನ ಮುಂದೆ ನಿಂತು ಮಾಂಸ ಕೊಯ್ದು ಬಡಿಸಿದ್ದು ಅವನ ಕೆಲಸ. ಏಳು ವರ್ಷದ ನಂತರ, 1248ರಲ್ಲಿ, ಒಂಬತ್ತನೆಯ ಲೂಯಿಯ ಜೊತೆ ಕ್ರುಸೇಡ್ ಯುದ್ಧಕ್ಕೆ ಹೊರಟ. ಹೊರಡುವ ಮೊದಲು ಅವನು ಮಾಡಿದ್ದನ್ನು ಗಮನಿಸಬೇಕು. ಈಸ್ಟರ್ ಹೊತ್ತಿಗೆ ಮಗ ಹುಟ್ಟಿದ್ದ. ವಾರವಿಡೀ ಔತಣ ನಡೆಯಿತು. ಕೊನೆಗೆ ತನ್ನ ಜನರನ್ನೆಲ್ಲ ಕೂರಿಸಿ, ತಿರುಗಿ ಬರುತ್ತೇನೋ ಇಲ್ಲವೋ ಗೊತ್ತಿಲ್ಲ, ಯಾರಿಗಾದರೂ ನನ್ನಿಂದ ಅನ್ಯಾಯವಾಗಿದ್ದರೆ ಹೇಳಿ, ತುಂಬಿಕೊಡುತ್ತೇನೆ ಎಂದ. ತನ್ನೆದುರು ಹೇಳಲು ಅಂಜುತ್ತಾರೆಂದು ಎದ್ದು ಆಚೆಗೆ ಹೋಗಿ, ಅವರು ಹೇಳಿದ್ದನ್ನು ಚರ್ಚೆಯಿಲ್ಲದೆ ಒಪ್ಪಿಕೊಂಡ. ಭೂಮಿಯ ಬಹುಭಾಗವನ್ನು ಒತ್ತೆಯಿಟ್ಟ. ಬರಿಗಾಲಲ್ಲಿ ಪುಣ್ಯಸ್ಥಳಗಳಿಗೆ ನಡೆದು ಹೋಗುವಾಗ ದಾರಿಯಲ್ಲಿ ತನ್ನ ಕೋಟೆಯ ಕಡೆ ಕಣ್ಣು ಹೊರಳಿಸಲಿಲ್ಲ. ಅಲ್ಲಿ ಬಿಟ್ಟುಬಂದ ಇಬ್ಬರು ಮಕ್ಕಳನ್ನು ನೆನೆದು ಮನಸ್ಸು ಕರಗೀತೆಂದು. ಶಿಲುಬೆ ತೊಟ್ಟವನಿಗೂ ಮೊದಲು ತೀರಿಸಬೇಕೆನಿಸಿದ್ದು ಮನೆಯ ಲೆಕ್ಕ. ವರ್ಷಗಳ ನಂತರ ಲೂಯಿ ಮತ್ತೊಮ್ಮೆ ಹೊರಟು ಅವನನ್ನೂ ಕರೆದಾಗ ಜ್ವಾನ್‌ವಿಲ್ ಹೋಗಲೊಪ್ಪಲಿಲ್ಲ. ಹಿಂದಿನ ಸಲ ನಾನಿಲ್ಲದಾಗ ಅಧಿಕಾರಿಗಳು ನನ್ನ ಜನರನ್ನು ಹಿಂಡಿ ಬಡವರನ್ನಾಗಿಸಿದರು, ಈಗ ಇಲ್ಲಿದ್ದು ಅವರನ್ನು ಕಾಯುವುದೇ ನನ್ನ ಕೆಲಸ ಎಂಬುದು ಅವನ ಉತ್ತರ. ಆ ಯಾತ್ರೆಯಲ್ಲಿ, 1270ರಲ್ಲಿ, ಲೂಯಿ ಟ್ಯೂನಿಸ್‌ನಲ್ಲಿ ತೀರಿಕೊಂಡ. ಹಾಗಾಗಿ ಎರಡು ಖಂಡಗಳ ನಡುವೆ ಗೋಡೆ ಕಟ್ಟುವುದು ನನ್ನ ಉದ್ದೇಶವಲ್ಲ. ಹುಡುಗನನ್ನು ಬೆಳೆಸಿದ್ದು ಅಲ್ಲೂ ಊಟದ ಮೇಜೇ. ಆ ಋಣದ ಮೇಲೆ ಇನ್ನೊಂದು ದೊಡ್ಡ ಋಣವನ್ನು ಮಠ ಪೀಠಗಳು ಹೇರಿದವು, ಬಡಿಸಿದ ಕೈ ಕೊನೆಗೂ ಹಳೆಯದನ್ನೇ ಆರಿಸಿಕೊಂಡಿತು.

ಉಳಿದ ಆಕ್ಷೇಪವೊಂದೇ ನನ್ನನ್ನು ನಿಜಕ್ಕೂ ಕಾಡುವುದು. ಅನ್ನದ ಋಣವೆಂದು ಇಷ್ಟು ಮೆಚ್ಚಿ ಬರೆದರೆ, ಅದರ ಹೆಸರಿನಲ್ಲಿ ಸತ್ತವರ ಒಪ್ಪಿಗೆಯನ್ನು ಕೇಳಿದವರಾರು? ಏಳೆಂಟು ವರ್ಷಕ್ಕೆ ಒಂದು ಮನೆಯ ಊಟದ ಸಾಲಿನಲ್ಲಿ ಕೂತ ಮಗುವಿಗೆ ಆ ಅನ್ನದ ಬೆಲೆ ಗೊತ್ತಿರಲು ಸಾಧ್ಯವಿಲ್ಲ. ಸುಗ್ಗಲದೇವಿ ವೀರಬಲ್ಲಾಳನಿಗೆ ಮಾತು ಕೊಟ್ಟಳೋ, ಗಂಡ ಕೊಟ್ಟ ಮಾತಿನೊಳಗೆ ಸಿಕ್ಕಿಕೊಂಡಳೋ? ಮಂಡ್ಯ ಜಿಲ್ಲೆಯ ಅಗ್ರಹಾರ ಬಾಚಹಳ್ಳಿಯ ಗರುಡಗಂಬಗಳು ಒಂದೇ ಮನೆತನದ ತಲೆಮಾರುಗಳು ಹೊಯ್ಸಳ ಅರಸರ ಜೊತೆ ಸತ್ತದ್ದನ್ನು ಹೇಳುತ್ತವೆ, ಅಲ್ಲೂ ಹೆಂಡಂದಿರಿದ್ದಾರೆ. ತಾತ ಕೊಟ್ಟ ಮಾತು ಮೊಮ್ಮಗನ ಕೊರಳಿಗೆ ಬರುವಾಗ ಅದನ್ನು ನಿಷ್ಠೆ ಎಂದಷ್ಟೇ ಕರೆದು ಸುಮ್ಮನಾಗಲಾಗದು. ಕಲ್ನಾಡು ಕೊಟ್ಟವರು, ಕಲ್ಲು ನಿಲ್ಲಿಸಿದವರು, ಹೊಗಳಿ ಬರೆಸಿದವರು ಎಲ್ಲರೂ ಒಡೆಯನ ಕಡೆಯವರು. ಸತ್ತವನ ಬಾಯಿಂದ ಬಂದ ಒಂದು ಮಾತೂ ಈ ಶಾಸನಗಳಲ್ಲಿ ಇಲ್ಲ. ಋಣವೆಂಬುದು ಮತಾವೇಶಕ್ಕಿಂತ ಮೃದುವಾದ್ದೆಂದು ನಾನು ಹೇಳುತ್ತಿಲ್ಲ. ಅದು ಹೆಚ್ಚು ಹತ್ತಿರದ್ದು, ಆದ್ದರಿಂದಲೇ ಬಿಡಿಸಿಕೊಳ್ಳಲು ಹೆಚ್ಚು ಕಷ್ಟದ್ದು. ಲೂಯಿಯ ಕರೆಗೆ ಹೋಗುವುದಿಲ್ಲ ಎಂದು ಜ್ವಾನ್‌ವಿಲ್ ಮುಖಕ್ಕೆ ಹೇಳಬಲ್ಲವನಾಗಿದ್ದ. ಹಾಗೆ ಹೇಳಲು ಅಗರಯ್ಯನಿಗೆ ಅವಕಾಶವಿತ್ತೆಂದು ಯಾವ ಕಲ್ಲೂ ಹೇಳುವುದಿಲ್ಲ.

ದಕ್ಷಿಣ ಬೆಂಗಳೂರಿನವರಿಗೆ ಈ ಲೋಕ ದೂರದ್ದಲ್ಲ. ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಯ ಮೇಲೆ 1247ರ ತಮಿಳು ಶಾಸನವೊಂದಿದೆ. ವೆಪ್ಪೂರಿನ, ಅಂದರೆ ಇದೇ ಬೇಗೂರಿನ, ವಾಸಿಯೊಬ್ಬ ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಗದ್ದೆಯನ್ನು ಅದರಲ್ಲಿ ದಾನವಾಗಿ ಬಿಟ್ಟಿದ್ದಾನೆ. ಕಾಳಗ ನಡೆದ ಮೂರೂವರೆ ಶತಮಾನದ ಮೇಲೆ ಆ ಎರಡು ಊರುಗಳ ನಡುವೆ ಕೆರೆಯ ನೀರು ಮತ್ತು ಭತ್ತದ ವ್ಯವಹಾರ ನಡೆದಿದೆ. ನಾಗತ್ತರನ ಮನೆಯ ಕಥೆಗೂ ಇನ್ನೊಂದು ಮುಖವಿದೆ. ಅವನ ಮಗಳು ತೊಂಡಬ್ಬೆ ಜೈನವ್ರತ ಹಿಡಿದು ದೇಹ ಬಿಟ್ಟದ್ದನ್ನು ಬೇಗೂರಿನದೇ ನಿಸಿದಿಗಲ್ಲು ಹೇಳುತ್ತದೆ. ಒಂದೇ ಮನೆಯಲ್ಲಿ ಒಬ್ಬಳು ಅನ್ನ ಬಿಟ್ಟು ಸತ್ತಳು, ಒಬ್ಬ ಅನ್ನ ಉಂಡದ್ದಕ್ಕಾಗಿ ಸತ್ತ.

ಇಷ್ಟೆಲ್ಲ ಇದ್ದರೂ ನಮ್ಮ ಊರಿನ ಹೆಸರಿಗೆ ಜನ ಹೇಳುತ್ತ ಬಂದ ಕಥೆ ಬೆಂದಕಾಳೂರಿನದು. ಬೇಟೆಯಲ್ಲಿ ದಾರಿ ತಪ್ಪಿ ಹಸಿದು ಬಂದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಆ ಋಣಕ್ಕೆ ಅವನು ಊರಿಗೆ ಹೆಸರಿಟ್ಟ ಎಂಬ ಕಥೆ. ಇಮ್ಮಡಿ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅದಕ್ಕೂ ಸುಮಾರು ಮುನ್ನೂರು ವರ್ಷ ಮೊದಲೇ ಹೆಸರು ಕಲ್ಲಿನ ಮೇಲಿದೆಯಾದ್ದರಿಂದ ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಒಪ್ಪದಿರುವುದು ಸರಿ. ಆದರೂ ಕಥೆ ಕಟ್ಟಿದ ಜನ ಆರಿಸಿಕೊಂಡ ಅರಸ ಯಾರೆಂಬುದು ಗಮನಿಸಬೇಕಾದದ್ದು. ಕುವರ ಲಕ್ಷ್ಮನೂ ಸುಗ್ಗಲದೇವಿಯೂ ಯಾವ ಅರಸನ ಅನ್ನಕ್ಕಾಗಿ ಪ್ರಾಣ ಕೊಟ್ಟರೋ, ಅದೇ ಬಲ್ಲಾಳ ಇಲ್ಲಿ ಗುಡಿಸಲಿನ ಬಾಗಿಲಲ್ಲಿ ಕೈಯೊಡ್ಡಿ ನಿಂತಿದ್ದಾನೆ. ಕಾಳು ಬಡಿಸುತ್ತಿರುವುದು ಹೆಸರಿಲ್ಲದ ಮುದುಕಿ; ಋಣ ಈ ಸಲ ಅರಸನ ತಲೆಯ ಮೇಲಿದೆ.